ಏಳನೆಯ ಇಯತ್ತೆಯ ಡೇರೆಗಳು

"ನಾವು ಇಡೀ ಒಂದು ಮಳಿಗಾಲ ತಾಡಪತ್ರಿ ಕೆಳಗ ಮಲಗೀವ್ರಿ ಅಕ್ಕೋರ. ಅವಾಗ ಯಾವ ಸಾಲಿಯವರೂ ಬಂದು ನಮಗ ಸರ್ಟಿಫಿಕೇಟ್ ಕೊಡಲಿಲ್ಲ."

ಭಾಗವ್ವ ಹೀಗೆಂದು ಸೆರಗು ಕೊಡವಿ ಕೂತಾಗ ಕನ್ನಡ ಶಾಲೆಯ ಪಾಲಕರ ಸಭೆ ಗೊಳ್ಳೆಂದು ನಕ್ಕಿತು. ನಕ್ಕವರೆಲ್ಲ ವಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದು ಬಾಯ್ನಾದಲ್ಲಿ ನೆಲೆಸಿದ್ದವರು. ಎರಡೂವರೆ ವರ್ಷದ ಹಿಂದೆ, ೨೦೦೪ರ ಮಳೆಗಾಲದಲ್ಲಿ, ಸಮುದ್ರದ ದಂಡೆಯ ಮೇಲಿದ್ದ ಅವರ ಮನೆಗಳನ್ನು ಸರಕಾರದ ಹಳದಿ ಯಂತ್ರಗಳು ಬಂದು ಕೆಡವಿ ಹಾಕಿದ್ದವು. ಈಗ ಅವರು ವಾಸ್ಕೋದ ಗುಡ್ಡದ ಮೇಲೆ ಬಾಡಿಗೆಯ ಖೋಲಿಗಳಲ್ಲಿ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗುವಂತೆ ಮಲಗುತ್ತಿದ್ದರು. ಗಂಡಸರಿಗೆ ಬಂದರಿನಲ್ಲಿ ಹಮಾಲಿ, ಇಲ್ಲವೆಂದರೆ ವೆರ್ಣಾದ ಕಾರ್ಖಾನೆಯಲ್ಲಿ ಪಾಳಿ. ಹೆಂಗಸರು ಕಟ್ಟಡಗಳಲ್ಲಿ ಗಾರೆ ಬುಟ್ಟಿ ಹೊರುತ್ತಿದ್ದರು. ಇಂಥವರೆದುರು ನಿಂತು ಗೀತಾಂಜಲಿ ಟೀಚರು, ಏಳನೆಯ ಇಯತ್ತೆಯ ಮಕ್ಕಳನ್ನು ಎರಡು ರಾತ್ರಿ ಕಾಡಿಗೆ ಕರೆದುಕೊಂಡು ಹೋಗಿ ಡೇರೆಯಲ್ಲಿ ಮಲಗಿಸುತ್ತೇನೆ, ಅದರಿಂದ ಭಾಳ ಕಲಿಯುತ್ತಾರೆ ಎಂದಿದ್ದಳು. ನಗದೆ ಇನ್ನೇನು ಮಾಡಬೇಕಿತ್ತು?

ಗೀತಾಂಜಲಿಗೆ ಮೈಯೆಲ್ಲ ಉರಿಯಿತು. ಅವಳೂ ವಿಜಾಪುರದ ಕಡೆಯವರ ಮಗಳೇ. ಆದರೆ ಅಪ್ಪನಿಗೆ ಬಂದರಿನಲ್ಲಿ ಕಾಯಂ ನೌಕರಿಯಿದ್ದು, ಕ್ವಾರ್ಟರ್ಸಿನ ಸಿಮೆಂಟು ಮನೆಯಲ್ಲಿ ಬೆಳೆದವಳು. ಹಟ ಹಿಡಿದರೆ ಬಿಡುವ ಅಭ್ಯಾಸ ಅವಳಿಗೆ ಹುಟ್ಟಿನಿಂದಲೇ ಇರಲಿಲ್ಲ. ಶಾಲೆಗೆ ಬಂದ ವರ್ಷವೇ ಹೆಣ್ಣುಮಕ್ಕಳ ಮೂತ್ರಾಲಯಕ್ಕೆ ಬಾಗಿಲು ಹಾಕಿಸುವತನಕ ಆಡಳಿತ ಮಂಡಳಿಯವರ ನಿದ್ದೆ ಕೆಡಿಸಿದ್ದಳು. ಈಗ ಅವಳ ತಲೆಗೆ ಹೊಕ್ಕಿದ್ದು ಡೇರೆ. ಮಡಗಾಂವ್‌ನ ದೊಡ್ಡ ಇಂಗ್ಲಿಷ್ ಶಾಲೆಯ ಮಕ್ಕಳು ಪ್ರತಿ ಚಳಿಗಾಲ ಕಾಡಿಗೆ ಹೋಗುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ತನ್ನ ಮಕ್ಕಳು ಕಾಡನ್ನು ಕಾಣುವುದು ಮಾತ್ರ ಪಾಠದ ಪುಸ್ತಕದ ಮಸುಕು ಚಿತ್ರದಲ್ಲಿ. ಅವರೇನು ಪಾಪ ಮಾಡಿದ್ದಾರೆ?

ಆದರೆ ಭಾಗವ್ವನಿಗೆ ಕೊಡಲು ಅವಳ ಬಳಿ ಒಳ್ಳೆಯ ಉತ್ತರವಿರಲಿಲ್ಲ. ನಿಸರ್ಗ ಪರಿಚಯ, ಸ್ವಾವಲಂಬನೆ, ವ್ಯಕ್ತಿತ್ವ ವಿಕಾಸ ಎಂದು ಬಿ.ಎಡ್.ನಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಒದರಿದಳು. ಹೆಂಗಸರು ಆಕಳಿಸಿದರು. ಮಾತು ಮುಗಿಯುವಷ್ಟರಲ್ಲಿ ಅವಳಿಗೇ ತನ್ನ ಮೇಲೆ ಸಿಟ್ಟು ಬಂದಿತ್ತು.

ಆಡಳಿತ ಮಂಡಳಿಯ ಅಧ್ಯಕ್ಷ ಅಪ್ಪಾಸಾಬ ಗಂಟಲು ಸರಿಮಾಡಿಕೊಂಡ. ಬಂದರಿಗೆ ಕೂಲಿಯಾಳುಗಳನ್ನು ಒದಗಿಸುವ ಗುತ್ತಿಗೆದಾರ. ತಾನೂ ಒಂದು ಕಾಲಕ್ಕೆ ಬಾಯ್ನಾದ ತಗಡಿನ ಶೆಡ್ಡಿನಲ್ಲಿ ಮಲಗಿದವನು. ಕೆಟ್ಟವನಲ್ಲ. ತನ್ನ ಹೆಸರಿಗೆ ಮಸಿ ಹತ್ತಬಾರದು ಎಂಬ ಒಂದೇ ಚಿಂತೆ ಅವನಿಗೆ.

"ಅಕ್ಕೋರ, ನೀವು ಕೇಳಂಗಿಲ್ಲ ಅನ್ನೂದು ನನಗ ಗೊತ್ತೈತಿ. ಹೋಗ್ರಿ. ಮರುದಿವಸ ನಾ ಬಂದು ನೋಡ್ತೇನಿ. ಒಂದ ಒಂದು ಗಡಬಡ ಕಂಡ್ರ ಅಲ್ಲಿಂದನ ಎಲ್ಲಾರನೂ ಗಾಡಿ ಹತ್ತಸ್ತೇನಿ. ಆಮ್ಯಾಲೆ ಈ ಸಾಲಿಯೊಳಗ ಟೆಂಟಿನ ಮಾತು ಯಾರೂ ಎತ್ತಬಾರದು. ಒಪ್ಪಿಗಿ ಐತಿ?"

"ಐತ್ರಿ," ಎಂದಳು ಗೀತಾಂಜಲಿ, ಅವನ ಮಾತು ಮುಗಿಯುವ ಮುಂಚೆಯೇ.

ಉಳಿದವರೆಲ್ಲ ಗೊಣಗುತ್ತಲೇ ಹೂಂ ಅಂದರು. ಭಾಗವ್ವ ಮಾತ್ರ ಅನ್ನಲಿಲ್ಲ. ಅವಳ ಮಗಳು ಶೈಲಾ, ವರ್ಗದಲ್ಲಿ ಹಿಂದಿನ ಸಾಲಿನ ಗೋಡೆಗೆ ಒರಗಿ ಕೂಡುವ ಹುಡುಗಿ, ಕೇಳಿದ ಪ್ರಶ್ನೆಗೂ ಬಾಯಿ ಬಿಡದವಳು. ಆ ಹುಡುಗಿ ಅಂದು ಮನೆಗೆ ಹೋಗಿ ರೊಟ್ಟಿ ಮುಟ್ಟದೆ ಹೊಸ್ತಿಲ ಮೇಲೆ ಕೂತುಬಿಟ್ಟಳಂತೆ. ಬೈದರೂ ಏಳಲಿಲ್ಲ, ಬೆನ್ನಿಗೆ ಎರಡು ಬಿದ್ದರೂ ಏಳಲಿಲ್ಲ. ಮರುದಿನ ಶಾಲೆಯ ಗೇಟಿನ ಹತ್ತಿರ ಭಾಗವ್ವ ಗೀತಾಂಜಲಿಯನ್ನು ತಡೆದು ನಿಲ್ಲಿಸಿದಳು.

"ಏನು ಮಾಟಾ ಮಾಡೀರಿ ನನ್ನ ಮಗಳಿಗೆ? ಕರ್ಕೊಂಡು ಹೋಗ್ರಿ. ಆದ್ರ ಒಂದು ಮಾತು ಹೇಳ್ತೇನಿ, ನೆಲದ ಮ್ಯಾಲೆ ಮಲಗೂದ್ರಾಗ ಕಲಿಯೂದೇನೂ ಇಲ್ರಿ. ನಾ ಮಲಗಿ ನೋಡೀನಿ."

ಜನವರಿಯ ಒಂದು ಶುಕ್ರವಾರ ಅವರು ಹೊರಟರು. ಸಾಂಗೇ ಕಡೆಯ ಕಾಡಿನ ಅಂಚಿಗೆ ಒಬ್ಬರ ಗೇರು ತೋಟವಿತ್ತು. ಅದರ ನಡುವೆ ಒಂದು ಬಯಲು, ಇಳಿಜಾರಿನ ಕೆಳಗೆ ಹಳ್ಳ. ಮಡಗಾಂವ್‌ನ ಶಾಲೆಯವರಿಂದ ಕಾಡಿ ಬೇಡಿ ತಂದ ಡೇರೆಗಳಿದ್ದವು. ಜೊತೆಗೆ ಕವಾಯತು ಕಲಿಸುವ ಗುರುಲಿಂಗ ಮಾಸ್ತರು. ಹಾವಿನ ಹೆದರಿಕೆಗೆ ಬಸ್ಸಿನಿಂದ ಇಳಿಯುವಾಗಲೇ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡಿದ್ದರು.

ಡೇರೆ ಹೂಡುವುದನ್ನು ಕಲಿಸಬೇಕೆಂದು ಗೀತಾಂಜಲಿ ರಾತ್ರಿಯೆಲ್ಲ ಓದಿಕೊಂಡು ಬಂದಿದ್ದಳು. ಮಕ್ಕಳು ಅವಳ ಮಾತು ಕೇಳುವ ಗೋಜಿಗೇ ಹೋಗಲಿಲ್ಲ. ಗೂಟ ಹೊಡೆದು, ಹಗ್ಗ ಬಿಗಿದು, ನೀರು ಹರಿಯುವ ಕಡೆಗೆ ಬೆನ್ನು ಮಾಡಿ ಒಂದೊಂದಾಗಿ ಎಬ್ಬಿಸಿ ನಿಲ್ಲಿಸಿದರು. ಗುರುಲಿಂಗ ಮಾಸ್ತರು ಭಪ್ಪರೆ ಎಂದರು. ಗೀತಾಂಜಲಿಗೂ ಹೆಮ್ಮೆಯೆನಿಸಿತು. ಇವರಿಗೆ ಇದು ಎಲ್ಲಿಂದ ಬಂತು ಎಂದು ಯೋಚಿಸಬೇಕಿತ್ತು. ಅವಳು ಯೋಚಿಸಲಿಲ್ಲ.

ಸಂಜೆಯ ಹೊತ್ತಿಗೆ ಅವಳು ತ್ರೈರಾಶಿಕ ತೆಗೆದಳು. ವರ್ಗದಲ್ಲಿ ಮೂರು ವಾರ ಹೇಳಿದರೂ ಯಾರ ತಲೆಗೂ ಇಳಿಯದ ಲೆಕ್ಕ. ಒಂದು ಕೋಲನ್ನು ನೆಲಕ್ಕೆ ಊರಿ ಅದರ ನೆರಳು ಅಳೆಯಲು ಹೇಳಿದಳು. ನೆರಳು ಕೋಲಿನ ದುಪ್ಪಟ್ಟಿತ್ತು. ಆಮೇಲೆ ಬಯಲಿನ ಅಂಚಿಗಿದ್ದ ಮತ್ತಿ ಮರದ ನೆರಳನ್ನು ಅಳೆಸಿದಳು. ಮಕ್ಕಳು ಸಾಲಾಗಿ ಹೆಜ್ಜೆ ಹಾಕಿದರು. ಹಾಗಾದರೆ ಮರದ ಎತ್ತರವೆಷ್ಟು ಎಂದು ಕೇಳಿದಳು. ಗೋಡೆಗೆ ಒರಗುವ ಶೈಲಾಗೆ ಇಲ್ಲಿ ಒರಗಲು ಗೋಡೆಯಿರಲಿಲ್ಲ. ಕೋಲನ್ನೊಮ್ಮೆ ಮರವನ್ನೊಮ್ಮೆ ನೋಡಿದಳು.

"ಅಂದ್ರ ಗಿಡಾ ಹತ್ತೂದು ಬ್ಯಾಡ್ರಿ ಅಕ್ಕೋರ? ನೆರಳು ಅಳೆದು ಅರ್ಧಾ ಮಾಡಿದ್ರ ಗಿಡಾ ಎಷ್ಟುದ್ದ ಐತಿ ಅಂತ ತಿಳೀತೈತಿ?"

"ಹೌದವಾ!" ಎಂದು ಗೀತಾಂಜಲಿ ಹೆಚ್ಚುಕಡಿಮೆ ಕಿರುಚಿದಳು.

ಆಮೇಲೆ ಆ ಹುಡುಗಿಯನ್ನು ಹಿಡಿಯುವವರು ಯಾರು? ಡೇರೆ ಅಳೆದಳು, ಬಸ್ಸು ಅಳೆದಳು, ಹೊತ್ತು ಮುಳುಗುವುದರೊಳಗೆ ಗುರುಲಿಂಗ ಮಾಸ್ತರನ್ನೂ ನಿಲ್ಲಿಸಿ ಅಳೆದಳು. ಅವರು ತಾವು ಹೇಳಿಕೊಳ್ಳುವುದಕ್ಕಿಂತ ಗೇಣುದ್ದ ಕಡಿಮೆ ಬಂದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದು ಮಲಗುವಾಗ ಗೀತಾಂಜಲಿ, ನಾಳೆ ಅಪ್ಪಾಸಾಬ ಬರಲಿ, ಈ ಹುಡುಗಿಯನ್ನೇ ಮುಂದೆ ನಿಲ್ಲಿಸುತ್ತೇನೆ ಎಂದುಕೊಂಡಳು. ಅವಳಿಗೆ ಗೆದ್ದೆನೆಂದೇ ಅನಿಸಿತ್ತು.

ಮರುದಿನ ಬೆಳಿಗ್ಗೆ ಗೀತಾಂಜಲಿ ಅರ್ಧ ಮಕ್ಕಳನ್ನು ಕರೆದುಕೊಂಡು ಹಳ್ಳಕ್ಕೆ ಇಳಿದಳು. ನೀರು ಎಲ್ಲಿ ಜೋರು, ಎಲ್ಲಿ ನಿಧಾನ, ಮರಳು ಯಾಕೆ ತಿರುವಿನಲ್ಲಿ ಕೂಡುತ್ತದೆ ಎಂದು ತೋರಿಸುವ ಪಾಠ. ಶೈಲಾಳ ಗುಂಪು ಅಡಿಗೆಗೆಂದು ಮೇಲೆಯೇ ಉಳಿಯಿತು. ಸ್ವಲ್ಪ ಹೊತ್ತಿಗೆ ಮೇಲೆ ರಸ್ತೆಯ ಕಡೆಯಿಂದ ಗರ್ರ್ ಎಂಬ ಸಪ್ಪಳ ಕೇಳಿತು. ಹೊಂಡ ತೋಡಿಸುತ್ತೇನೆಂದು ತೋಟದ ಮಾಲೀಕರು ಹಿಂದಿನ ದಿನವೇ ಹೇಳಿದ್ದರು. ಗೀತಾಂಜಲಿ ಅದನ್ನು ಕಿವಿಗೂ ಹಾಕಿಕೊಳ್ಳಲಿಲ್ಲ. ತಿರುಗಿ ನೋಡಿದರೆ ನೀರಿನಲ್ಲಿದ್ದ ಮಕ್ಕಳು ಒಬ್ಬರೂ ಇಲ್ಲ. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ದಿಬ್ಬ ಹತ್ತಿ ಓಡುತ್ತಿದ್ದರು. ಒಬ್ಬರೂ ಕೂಗುತ್ತಿರಲಿಲ್ಲ.

ಅವಳು ಏದುಸಿರು ಬಿಡುತ್ತ ಮೇಲೆ ಬಂದಳು. ಬಯಲು ಬರಿದಾಗಿತ್ತು.

ಡೇರೆಗಳಿರಲಿಲ್ಲ. ಗೂಟ ಕಿತ್ತ ತೂತುಗಳಿದ್ದವು, ನೀರು ಸುರಿದು ಆರಿಸಿದ ಒಲೆಯಿಂದ ಹೊಗೆ ಏಳುತ್ತಿತ್ತು. ರಸ್ತೆಯ ಬದಿಗೆ ಏಳನೆಯ ಇಯತ್ತೆಯ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ಡೇರೆಗಳ ಗಂಟು ಕೆಲವರ ತಲೆಯ ಮೇಲೆ, ಒಂದರೊಳಗೊಂದು ಇಟ್ಟ ಪಾತ್ರೆಗಳು ಕೆಲವರ ಸೊಂಟದ ಮೇಲೆ. ಅಕ್ಕಿಯ ಚೀಲ ಒಬ್ಬನ ಹೆಗಲಿಗೆ. ಶೈಲಾ ದೊಡ್ಡ ಪಾತೇಲಿಯನ್ನು ತಲೆಯ ಮೇಲೆ ಹೊತ್ತು, ವರ್ಗದಲ್ಲೇ ಎಲ್ಲರಿಗಿಂತ ಚಿಕ್ಕವಳಾದ ಬಾನುವಿನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಗೇರುಮರಗಳ ಆಚೆ ಹಳದಿ ಜೆಸಿಬಿ ತನ್ನ ಪಾಡಿಗೆ ತಾನು ಮಣ್ಣು ತೋಡುತ್ತಿತ್ತು.

"ನಾ ಏನೂ ಹೇಳಿಲ್ರಿ ಅಕ್ಕೋರ," ಎಂದರು ಗುರುಲಿಂಗ ಮಾಸ್ತರು. ಮುಖ ಬಿಳಿಚಿಕೊಂಡಿತ್ತು. "ಸಪ್ಪಳ ಬಂತು. ಯಾರೂ ಯಾರಿಗೂ ಒಂದು ಮಾತು ಅನ್ನಲಿಲ್ಲ. ನಾ ಕಣ್ಣು ಪಿಳುಕಿಸೂದ್ರಾಗ ಎಲ್ಲಾ ಕಿತ್ತು ಕಟ್ಟಿಬಿಟ್ಟಾರ್ರೀ."

"ಶೈಲಾ, ಏನವಾ ಇದು?"

"ಸಪ್ಪಳಾ ಕೇಳಿದ್ರ ಹಿಂಗ ಮಾಡಬೇಕ್ರಿ," ಎಂದಳು ಶೈಲಾ, ಮಗ್ಗಿ ಒಪ್ಪಿಸುವ ದನಿಯಲ್ಲಿ. "ದೊಡ್ಡವರು ತಾಡಪತ್ರಿ, ಅವರಕಿಂತ ಸಣ್ಣವರು ಭಾಂಡಿ, ಹೆಣ್ಣುಹುಡುಗರು ಸಣ್ಣ ಕೂಸನ್ನ ಹಿಡೀಬೇಕು. ಅಳಬಾರದು, ಒದರಬಾರದು. ನಮ್ಮವ್ವ ಕಲಿಸ್ಯಾಳ್ರಿ. ಎಲ್ಲಾರ ಮನಿಯಾಗೂ ಕಲಿಸ್ಯಾರ."

ಹಳ್ಳದಿಂದ ಓಡಿ ಬಂದಿದ್ದ ಬಾನುವಿನ ಹಲ್ಲು ಕಟಕಟ ಎನ್ನುತ್ತಿದ್ದವು. ನೀರು ಅಷ್ಟೇನೂ ತಣ್ಣಗಿರಲಿಲ್ಲ. ಗೀತಾಂಜಲಿಗೆ ಅಲ್ಲಿಯೇ ನೆಲ ಕುಸಿದರೆ ಸಾಕೆನಿಸಿತು. ಎರಡು ವರ್ಷ ಇದೇ ಮಕ್ಕಳಿಗೆ ಪಾಠ ಹೇಳಿದ್ದಳು, ಹಾಜರಿ ಕರೆದಿದ್ದಳು, ಇವರ ಮನೆಯ ಈ ಪಾಠ ಅವಳಿಗೆ ಗೊತ್ತೇ ಇರಲಿಲ್ಲ.

ಜೆಸಿಬಿಯ ಚಾಲಕ ಯಂತ್ರ ನಿಲ್ಲಿಸಿ ಇಳಿದು ಬಂದ. ಅವನೂ ಬಾಗಲಕೋಟೆ ಕಡೆಯವನೇ. "ಯಾಕ್ರವಾ, ಎಲ್ಲಿ ಹೊಂಟೀರಿ? ನಾ ಹೊಂಡಾ ತೋಡಾಕತ್ತೇನಿ. ನಿಮ್ಮ ತಂಟಿಗೆ ಬರಂಗಿಲ್ಲ," ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಅವನು ಪೆಚ್ಚಾಗಿ ಅಲ್ಲಿಯೇ ನಿಂತ.

ಅದೇ ಹೊತ್ತಿಗೆ ಅಪ್ಪಾಸಾಬನ ಜೀಪು ಬರಬೇಕೇ! ಜೀಪಿನಿಂದ ಅವನ ಹಿಂದೆಯೇ ಭಾಗವ್ವನೂ ಇಳಿದಳು. ಮಗಳನ್ನು ಬಿಟ್ಟು ಮನೆಯಲ್ಲಿ ಇರಲಾರದೆ, ರೊಟ್ಟಿಯ ಗಂಟು ಕಟ್ಟಿಕೊಂಡು ಬೆಳಿಗ್ಗೆಯೇ ಅವನ ಗಾಡಿಗೆ ಅಡ್ಡ ನಿಂತಿದ್ದಳಂತೆ. ಇಳಿದವಳು ಸಾಲನ್ನು ನೋಡಿದಳು, ಯಂತ್ರವನ್ನು ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಜೀಪಿನ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡಳು.

"ಕಂಡ್ರಿಲ್ಲ ಅಕ್ಕೋರ?" ಎಂದ ಅಪ್ಪಾಸಾಬ. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ನೋವೇ ಇತ್ತು. "ಇದಕ್ಕಽ ನಾ ಅಂಜಿದ್ದೆ. ಗಾಯದ ಮ್ಯಾಲೆ ತೊಗಲು ಬಂದಿತ್ತು, ನೀವು ಮತ್ತ ಕೆರದ್ರಿ. ಆತು, ಮುಗೀತು. ಎಲ್ಲಾರೂ ಗಾಡಿ ಹತ್ರಿ. ಈ ಸಾಲಿಯೊಳಗ ಇದ ಮೊದಲು, ಇದ ಕಡೀದು."

ಗೀತಾಂಜಲಿಗೆ ಅವನ ಮಾತು ಖರೇ ಎನಿಸಿತು. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಮಕ್ಕಳು ಸಂಜೆಯೊಳಗೆ ಖೋಲಿ ಸೇರುತ್ತಿದ್ದರು, ಸೋಮವಾರ ವರ್ಗದಲ್ಲಿ ಕೂಡುತ್ತಿದ್ದರು, ಶೈಲಾ ಗೋಡೆಗೆ ಒರಗುತ್ತಿದ್ದಳು. ಮುಂದೆ ಎಲ್ಲಿ ಯಾವ ಯಂತ್ರ ಗುಡುಗಿದರೂ ಇವರು ಗಂಟು ಕಟ್ಟಿ ರಸ್ತೆಯ ಬದಿಗೆ ನಿಲ್ಲುತ್ತಿದ್ದರು, ಜೀವ ಇರುವತನಕ. ಅದನ್ನು ನೆನೆದದ್ದೇ ತಡ, ಅವಳ ನಾಚಿಕೆಯೆಲ್ಲ ಸಿಟ್ಟಾಯಿತು.

"ತಪ್ಪು ನಂದ್ರಿ," ಎಂದಳು. "ಈ ಮಕ್ಕಳ ಎದಿಯಾಗ ಇದು ಐತಿ ಅಂತ ನಾ ತಿಳ್ಕೊಂಡಿರಲಿಲ್ಲ. ಆದ್ರ ನೀವು ಹತ್ರಿ ಅಂದ ಕೂಡಲೆ ಹತ್ತಸೂದಾದ್ರ, ಅವತ್ತ ಮನಿ ಕೆಡವಾಕ ಬಂದವರಿಗೂ ನಮಗೂ ಏನು ಫರಕ್ರಿ? ಮೊದಲು ಇವರನ್ನ ಕೇಳ್ರಿ."

"ಮಕ್ಕಳನ್ನ ಏನು ಕೇಳೂದ್ರಿ? ಅವಕ್ಕೇನು ತಿಳೀತೈತಿ?"

"ಕೇಳೂತನಾ ಬಸ್ಸಿನ ಬಾಗಿಲಾ ತಗಿಯಂಗಿಲ್ಲ ನಾನು."

ಅವಳು ಹೋಗಿ ಬಸ್ಸಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇಬಿಟ್ಟಳು. ನೋಡಿದವರಿಗೆ ನಗು ಬರುವಂತಿತ್ತು. ಪುಟ್ಟ ಆಕಾರ, ಮೊಣಕಾಲಿನತನಕ ಒದ್ದೆಯಾದ ಸೀರೆ, ಒಂದೇ ಕಾಲಲ್ಲಿ ಚಪ್ಪಲಿ. ಗುರುಲಿಂಗ ಮಾಸ್ತರು ಅತ್ತ ಇತ್ತ ನೋಡಿ, ಕೊನೆಗೆ ಬಂದು ಅವಳ ಪಕ್ಕ ನಿಂತರು. ಹೆಂಗಸಿನ ಮೇಲೆ ಕೈ ಮಾಡುವುದು ಅಪ್ಪಾಸಾಬನಿಗೂ ಸಾಧ್ಯವಿರಲಿಲ್ಲ. ಹಣೆ ಚಚ್ಚಿಕೊಂಡು ಮಕ್ಕಳ ಕಡೆ ತಿರುಗಿದ.

"ಆತು. ಕೇಳ್ತೇನಿ. ಏ ಹುಡುಗರಾ, ಮನಿಗೆ ಬರೋರು ಯಾರು, ಇಲ್ಲೇ ಇರೋರು ಯಾರು? ಹೇಳ್ರಿ."

ಸಾಲು ಅಲುಗಲಿಲ್ಲ. ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ಅಕ್ಕಿಯ ಚೀಲ ಹೊತ್ತಿದ್ದವನು ಮೆಲ್ಲಗೆ ಚೀಲ ಇಳಿಸಿ ಜೀಪಿನ ಕಡೆ ನಡೆದ. ಅವನ ಹಿಂದೆ ಇನ್ನೊಬ್ಬಳು ಹೋದಳು. ಗೀತಾಂಜಲಿ ತುಟಿ ಕಚ್ಚಿಕೊಂಡಳು. ಕೇಳಿ ಎಂದವಳು ತಾನೇ, ಈಗ ತಡೆಯುವ ಹಾಗಿಲ್ಲ.

ಭಾಗವ್ವ ಮಗಳ ಕಡೆ ಕೈ ಚಾಚಿದಳು. "ಬಾರವಾ ಶೈಲೂ. ಮನಿಗೆ ಹೋಗೂಣು. ಸಾಕು ಇದು."

ಶೈಲಾ ಅವ್ವನನ್ನು ನೋಡಿದಳು. ಆಮೇಲೆ ಅಪ್ಪಾಸಾಬನನ್ನು ನೋಡಿದಳು. ಪಾತೇಲಿ ಇನ್ನೂ ತಲೆಯ ಮೇಲೆಯೇ ಇತ್ತು.

"ಕಾಕಾ," ಎಂದಳು. ದನಿ ನಡುಗುತ್ತಿತ್ತು, ಆದರೆ ಬಯಲಿನ ಆ ತುದಿಗೂ ಕೇಳುವಷ್ಟು ಜೋರಾಗಿತ್ತು. "ಅವತ್ತ ನಮ್ಮನ್ನ ಯಾರೂ ಕೇಳಲಿಲ್ರಿ. ನಮ್ಮವ್ವನ್ನ ಕೇಳಲಿಲ್ಲ, ನಮ್ಮಪ್ಪನ್ನ ಕೇಳಲಿಲ್ಲ. ಬಂದ್ರು, ಕೆಡವಿದ್ರು. ಕೇಳಿದ್ರ ಹೋಗಂಗಿಲ್ಲ ಅಂತಿದ್ವಿ. ಇವತ್ತ ನೀವು ಕೇಳೀರಿ." ಉಸಿರು ಎಳೆದುಕೊಂಡಳು. "ನಾ ಹೋಗಂಗಿಲ್ಲ."

ಗೀತಾಂಜಲಿಯ ಕಣ್ಣು ಮಂಜಾದವು. ಸಭೆಯಲ್ಲಿ ಭಾಗವ್ವನಿಗೆ ಕೊಡಲಾಗದ ಉತ್ತರವನ್ನು ಭಾಗವ್ವನ ಮಗಳೇ ಕೊಟ್ಟಿದ್ದಳು, ಅದೂ ಒಂದೂ ದೊಡ್ಡ ಶಬ್ದವಿಲ್ಲದೆ. ಬಾನು ಶೈಲಾಳ ಕೈ ಬಿಡದೆಯೇ, "ನಾನೂ ಇಲ್ರಿ," ಎಂದಳು. ಆಮೇಲೆ ಸಾಲಿನ ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬಳು. ಜೀಪು ಹತ್ತಿದ್ದವರಲ್ಲಿ ಹುಡುಗಿ ಇಳಿದು ಬಂದಳು. ಅಕ್ಕಿಯ ಚೀಲದ ಹುಡುಗ ಇಳಿಯಲಿಲ್ಲ, ಅವನನ್ನು ಯಾರೂ ಹಂಗಿಸಲೂ ಇಲ್ಲ.

ಭಾಗವ್ವ ಜೀಪಿನ ಬಾಗಿಲು ಬಿಟ್ಟು ಮಗಳ ಹತ್ತಿರ ಬಂದಳು. ಎತ್ತಿದ ಕೈ ಕೆನ್ನೆಗೆ ಬೀಳುತ್ತದೆ ಎಂದೇ ಗೀತಾಂಜಲಿ ಹೆದರಿದಳು. ಆ ಕೈ ಪಾತೇಲಿಯನ್ನು ಇಳಿಸಿಕೊಂಡಿತು. ಗಾಡಿಯಲ್ಲಿಡಲಿಕ್ಕೆಂದು ಅಪ್ಪಾಸಾಬ ಹಿಂದಿನ ಬಾಗಿಲು ತೆರೆದು ಹಿಡಿದ. ಭಾಗವ್ವ ಅವನನ್ನು ದಾಟಿ ಬಯಲಿಗೆ ನಡೆದು, ಆರಿದ ಒಲೆಯ ಮೂರು ಕಲ್ಲಿನ ಮೇಲೆ ಪಾತೇಲಿಯನ್ನು ದಡಕ್ಕನೆ ಕುಕ್ಕಿದಳು.

"ಅಪ್ಪಾಸಾಬಣ್ಣಾ, ನಿನಗ ಹಸಿವಾಗಿದ್ರ ರೊಟ್ಟಿ ತಿಂದು ಹೋಗು. ನನ್ನ ಮಗಳು ನಾಳೆ ಬರ್ತಾಳ."

"ಏ ಭಾಗವ್ವಾ, ನೀನಽ ಮೊನ್ನೆ ಸಭಾದಾಗ..."

"ಅಂದಿದ್ದೆ. ಈಗ ಇದನ್ನ ಅನ್ನಾಕತ್ತೇನಿ. ನಂದು ಬಾಯಿ, ನನ್ನ ಮಾತು."

ಅಪ್ಪಾಸಾಬ ಜೀಪಿನ ಬಾಗಿಲು ಮುಚ್ಚಿ, ಬಂದು ಒಲೆಯ ಹತ್ತಿರದ ಕಲ್ಲಿನ ಮೇಲೆ ಕೂತ. ಮುಂದಿನ ವರ್ಷದ ಮಾತನ್ನು ಗೀತಾಂಜಲಿಯೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆದರೆ ಕಡೀದು ಎಂಬ ಮಾತು ಮತ್ತೆ ಅವನ ಬಾಯಿಂದ ಬರಲಿಲ್ಲ.

ಮಕ್ಕಳು ಗಂಟು ಬಿಚ್ಚಿದರು. ಶೈಲಾ ಒಂದು ಗೂಟವನ್ನು ನೆಲಕ್ಕಿಟ್ಟು, "ಅಕ್ಕೋರ, ಸುಮ್ನ ನಿಂತೀರಲ್ಲ, ಇದನ್ನ ಹಿಡೀರಿ," ಎಂದು ಗದರಿಸಿದಳು. ಗೀತಾಂಜಲಿ ಮಂಡಿಯೂರಿ ಗೂಟ ಹಿಡಿದಳು.

ಜೆಸಿಬಿಯ ಚಾಲಕ ಇನ್ನೂ ಗೇರುಮರದ ಕೆಳಗೆ ಕೈ ಕಟ್ಟಿಕೊಂಡೇ ನಿಂತಿದ್ದ. "ತಂಗೀ," ಎಂದ ಅಳುಕುತ್ತ, "ನಾ ಗಾಡಿ ಚಾಲೂ ಮಾಡ್ಲೇನು? ಇಲ್ಲಾ ನೀವು ಹೋದ ಮ್ಯಾಲೆ ಬರ್ಲೇನು?"

ಶೈಲಾ ಕಲ್ಲು ಎತ್ತಿದವಳು ಹಾಗೆಯೇ ತಡೆದು ಅವನ ಕಡೆ ನೋಡಿದಳು. ಬಯಲಿನ ತುಂಬ ಕೈಗಳು ನಿಂತವು.

"ಮಾಡ್ರಿ," ಎಂದಳು. "ನಿಮಗ್ಯಾರು ಅಂಜತಾರ?"

ಯಂತ್ರ ಗುಡುಗಿತು. ಬಾನು ಒಮ್ಮೆ ಬೆಚ್ಚಿದಳು. ಶೈಲಾಳ ಕಲ್ಲು ಗೂಟದ ತಲೆಯ ಮೇಲೆ ಬಿತ್ತು, ಮತ್ತೆ ಬಿತ್ತು. ಆಮೇಲೆ ಬಯಲಿನ ಎಲ್ಲ ಕಡೆಯಿಂದಲೂ ಗೂಟ ಹೊಡೆಯುವ ಸಪ್ಪಳ ಎದ್ದಿತು.